ಲಿವರ್ ಟಿಬಿ ಪತ್ತೆ: ಬಾಟಲಿ ಎರಡಿರಲಿ

ಲಿವರ್‌ಗೆ ಟಿಬಿ ಬಂದರೆ ಕೆಮ್ಮು ಇರಲೇಬೇಕೆಂದಿಲ್ಲ. ವಾರಗಟ್ಟಲೆ ಬಿಡದ ಜ್ವರ, ಊಟ ಸೇರದಿರುವುದು, ತೂಕ ಇಳಿಯುವುದು, ಬಲ ಪಕ್ಕೆಯ ಕೆಳಗೆ ನೋವು. ಇಷ್ಟಿದ್ದರೆ ತಡ ಮಾಡದೆ ವೈದ್ಯರ ಹತ್ತಿರ ಹೋಗಿ.

ಮೊದಲು ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನ್. ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಜಾಸ್ತಿ ಬಂದರೆ ಅನುಮಾನ ಹುಟ್ಟುತ್ತದೆ, ಅಷ್ಟೇ. ಸ್ಕ್ಯಾನಿನಲ್ಲಿ ಕಂಡ ಗಂಟು ಕ್ಯಾನ್ಸರ್ ಇರಬಹುದು, ಕೀವು ಕೂಡ ಇರಬಹುದು. 'ರಕ್ತದಲ್ಲೇ ಟಿಬಿ ಆಂಟಿಬಾಡಿ ನೋಡಿ ಹೇಳ್ತೀವಿ' ಎಂದು ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ. ಆ ಕಿಟ್‌ಗಳನ್ನು ಭಾರತದಲ್ಲಿ 2012ರಲ್ಲೇ ನಿಷೇಧಿಸಲಾಗಿದೆ.

ಖಚಿತವಾಗಬೇಕಾದರೆ ಬಯಾಪ್ಸಿ ಬೇಕು, ಅಂದರೆ ಸೂಜಿಯಿಂದ ಲಿವರ್‌ನ ಚೂರು ತೆಗೆದು ಪರೀಕ್ಷಿಸುವುದು. ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮೊದಲೇ ಆಗಿರಲಿ. ಆಸ್ಪಿರಿನ್ ನುಂಗುತ್ತಿದ್ದರೆ ಮುಚ್ಚಿಡದೆ ಹೇಳಿ.

ಕೆಲಸ ಕೆಡುವುದು ಇದಾದ ಮೇಲೆ. ಸೂಜಿಯಲ್ಲಿ ಬಂದ ದಾರದೆಳೆಯಂಥ ಚೂರನ್ನು ಪೂರ್ತಿ ಫಾರ್ಮಲಿನ್‌ಗೆ, ಅಂದರೆ ಚೂರು ಕೆಡದಂತೆ ಇಡುವ ದ್ರಾವಣಕ್ಕೆ ಹಾಕಿ, ಬಾಟಲಿಯನ್ನು ಮನೆಯವರ ಕೈಗೆ ಕೊಟ್ಟುಬಿಡುತ್ತಾರೆ. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಫಾರ್ಮಲಿನ್ ರೋಗಾಣುವನ್ನು ಕೊಂದುಬಿಡುತ್ತದೆ. ಆಮೇಲೆ ಕಲ್ಚರ್ ಮಾಡಲು, ಅಂದರೆ ಲ್ಯಾಬ್‌ನಲ್ಲಿ ರೋಗಾಣು ಬೆಳೆಸಿ ನೋಡಲು, ಏನೂ ಉಳಿಯುವುದಿಲ್ಲ. ಮತ್ತೆ ಸೂಜಿ ಚುಚ್ಚಬೇಕಾಗುತ್ತದೆ, ಪಾಪ.

ಅದಕ್ಕೇ ಬಯಾಪ್ಸಿಗೆ ಮುಂಚೆಯೇ ಕೇಳಿ: 'ಡಾಕ್ಟ್ರೇ, ಎರಡು ಬಾಟಲಿ ಮಾಡ್ತೀರಾ?' ಒಂದರಲ್ಲಿ ಫಾರ್ಮಲಿನ್, ಅದು ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪೆಥಾಲಜಿಗೆ. ಇನ್ನೊಂದು ಸ್ಟೆರೈಲ್ ಬಾಟಲಿ, ಅಂದರೆ ಯಾವ ರೋಗಾಣುವೂ ಇಲ್ಲದಂತೆ ಶುದ್ಧ ಮಾಡಿದ್ದು. ಅದರಲ್ಲಿ ನಾರ್ಮಲ್ ಸಲೈನ್ (ಉಪ್ಪುನೀರಿನ ದ್ರಾವಣ) ಮಾತ್ರ. ಇದು ಸಿಬಿನಾಟ್ (ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಮತ್ತು ಕಲ್ಚರ್‌ಗೆ. ಎರಡರ ಮೇಲೂ ಹೆಸರು ಬರೆಸಿ. ಸಲೈನ್ ಬಾಟಲಿಯನ್ನು ಅವತ್ತೇ ಲ್ಯಾಬ್‌ಗೆ ಮುಟ್ಟಿಸಿ, ನಾಳೆ ನೋಡೋಣ ಅನ್ನಬೇಡಿ.

ಸಿಬಿನಾಟ್ ಯಂತ್ರ ಸುಮಾರು 2 ಗಂಟೆಯಲ್ಲಿ ಫಲಿತಾಂಶ ಕೊಡುತ್ತದೆ. ಟಿಬಿಯ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ರೋಗಾಣು ಬಗ್ಗುತ್ತದೋ ಇಲ್ಲವೋ ಎಂದೂ ತಿಳಿಯುತ್ತದೆ. ಆದರೆ ಲಿವರ್ ಚೂರಿನಲ್ಲಿ ರೋಗಾಣು ಕಡಿಮೆ. ನೆಗೆಟಿವ್ ಬಂತೆಂದು ಟಿಬಿ ಇಲ್ಲವೇ ಇಲ್ಲ ಎಂದುಕೊಳ್ಳಬೇಡಿ. ಪೆಥಾಲಜಿಯವರು ಗಿಣ್ಣಿನಂತೆ ಕರಗಿದ ನಡುಭಾಗವಿರುವ ಗ್ರಾನುಲೋಮಾ, ಅಂದರೆ ಉರಿಯೂತದ ಕೋಶಗಳ ಸಣ್ಣ ಗಂಟು ಹುಡುಕುತ್ತಾರೆ. ಬರೀ ಗ್ರಾನುಲೋಮಾ ಬೇರೆ ಕಾಯಿಲೆಯಲ್ಲೂ ಇರುತ್ತದೆ. ದನ, ಕುರಿ ಸಾಕಿದ್ದರೆ, ಹಸಿ ಹಾಲು ಕುಡಿಯುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಪ್ರಾಣಿಗಳಿಂದ ಬರುವ ಬ್ರುಸೆಲ್ಲಾ ಸೋಂಕು ಕೂಡ ಹೀಗೇ ಕಾಣಬಹುದು.

ಸುಮ್ನೆ ಅಂದಾಜಿನಲ್ಲಿ ಟಿಬಿ ಮಾತ್ರೆ ಶುರು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಆ ಮಾತ್ರೆಗಳಲ್ಲಿ ಮೂರು ಲಿವರ್‌ಗೇ ಪೆಟ್ಟು ಕೊಡಬಲ್ಲವು. ರೋಗಿಯ ಸ್ಥಿತಿ ಕಾಯುವಂತಿಲ್ಲದಿದ್ದರೆ ಮಾತ್ರ ವೈದ್ಯರು ಹಾಗೆ ನಿರ್ಧರಿಸಬೇಕು, ಅದೂ ಚೂರು ತೆಗೆದ ಮೇಲೆ.

ಕಲ್ಚರ್ ವರದಿಗೆ 6ರಿಂದ 8 ವಾರ ಹಿಡಿಯಬಹುದು. ಅಷ್ಟರಲ್ಲಿ ಜ್ವರ ಇಳಿದಿದ್ದರೂ ಲ್ಯಾಬ್‌ಗೆ ಹೋಗಿ ವರದಿ ತಂದು ತೋರಿಸಿ.