‘ಆರಾಮ ಅದೀನ್ರಿ’ ಅಂದ ಮೇಲೂ ನಾನು ಕೇಳುವ ಪ್ರಶ್ನೆಗಳು

“ಆರಾಮ ಅದೀನ್ರಿ ಸಿಸ್ಟರ್.” ಬೆಳಗಾವಿಯ ಆಸ್ಪತ್ರೆಯೊಂದರ ಕ್ಯಾನ್ಸರ್ ಡೇ ಕೇರ್‌ನಲ್ಲಿ ನನಗೆ ದಿನಾ ಸಿಗುವ ಉತ್ತರ ಇದು. ರಾಮದುರ್ಗ, ಗೋಕಾಕ, ಬೈಲಹೊಂಗಲದಿಂದ ನಸುಕಿನ ಬಸ್ಸು ಹಿಡಿದು ಬಂದಿರುತ್ತಾರೆ. ನಿದ್ದೆ ಇರಲ್ಲ, ಊಟ ಆಗಿರಲ್ಲ. ಕೇಳಿದರೆ ಆರಾಮ. ಕಿಮೋ ಒಂದೇ ಇದ್ದಾಗ ಈ ಮಾತಿನಿಂದ ಅಷ್ಟು ತೊಂದರೆ ಆಗುತ್ತಿರಲಿಲ್ಲ. ವಾಂತಿ, ಕೂದಲು ಉದುರುವುದು, ಬಿಳಿ ರಕ್ತಕಣ ಇಳಿಯುವುದು ಎಲ್ಲಾ ಕಣ್ಣಿಗೋ ರಿಪೋರ್ಟಿಗೋ ಕಾಣುತ್ತವೆ. ಇಮ್ಯುನೊಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ, ಕೊಡಲು ಶುರು ಮಾಡಿದ ಮೇಲೆ ಈ ಒಂದು ಪದಕ್ಕೆ ಹೆದರುವುದನ್ನು ಕಲಿತೆ.

ಕಲಿಸಿದ್ದು ಸವದತ್ತಿ ಕಡೆಯ ಒಬ್ಬ ಅಕ್ಕ. ಅವರದು ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರ್. ಅಂದರೆ ಗಡ್ಡೆಯಲ್ಲಿ ಹಾರ್ಮೋನ್ ಹಿಡಿಯುವ ಎರಡು ರಿಸೆಪ್ಟರ್‌ಗಳೂ ಇಲ್ಲ, ಕ್ಯಾನ್ಸರ್ ಬೆಳೆಸುವ ಹರ್-2 ಪ್ರೋಟೀನ್ ಕೂಡ ಹೆಚ್ಚಿಲ್ಲ. ಹಾಗಾಗಿ ಹಾರ್ಮೋನ್ ಮಾತ್ರೆಯೂ ಕೆಲಸ ಮಾಡಲ್ಲ, ಹರ್-2ಗೆ ಕೊಡುವ ಇಂಜೆಕ್ಷನ್ನೂ ಕೆಲಸ ಮಾಡಲ್ಲ. ಇಂಥವರಲ್ಲಿ ಗಡ್ಡೆ ಎರಡು ಸೆಂಟಿಮೀಟರ್ ದಾಟಿದ್ದರೆ, ಅಥವಾ ಕಂಕುಳ ಗಂಟಿಗೆ ಹರಡಿದ್ದರೆ, ಈಗ ಕಿಮೋ ಜೊತೆಗೆ ಪೆಂಬ್ರೊಲಿಜುಮ್ಯಾಬ್ ಅನ್ನುವ ಇಮ್ಯುನೊಥೆರಪಿ ಔಷಧ ಕೊಡುತ್ತಾರೆ. ಅಮೆರಿಕದಲ್ಲಿ ಇದಕ್ಕೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಆಪರೇಷನ್‌ಗೆ ಮುಂಚೆ ಮೂರು ವಾರಕ್ಕೊಂದರಂತೆ 8 ಡೋಸ್, ಆಪರೇಷನ್ ಆದ ಮೇಲೆ 9. ಹತ್ತಿರ ಹತ್ತಿರ ಒಂದು ವರ್ಷ.

ಎಲ್ಲ ಸ್ತನ ಕ್ಯಾನ್ಸರ್‌ಗೂ ಇದನ್ನು ಕೊಡಲ್ಲ. “ನಮ್ಮವ್ವಗೂ ಇದನ್ನ ಹಚ್ಚರಿ” ಅಂತ ಕೇಳುವವರು ಬಹಳ. ಹಾರ್ಮೋನ್ ಪಾಸಿಟಿವ್ ಇರುವವರಿಗೆ ಬೇರೆ ಒಳ್ಳೆಯ ದಾರಿಗಳಿವೆ. ಕ್ಯಾನ್ಸರ್ ಬೇರೆ ಅಂಗಕ್ಕೆ ಹೋಗಿರುವ ಟ್ರಿಪಲ್ ನೆಗೆಟಿವ್‌ನಲ್ಲಾದರೆ ಮೊದಲು ಗಡ್ಡೆಯಲ್ಲಿ ಪಿಡಿ-ಎಲ್1 ಅನ್ನುವ ಪ್ರೋಟೀನ್ ಎಷ್ಟಿದೆ ಅಂತ ಪರೀಕ್ಷೆ ಮಾಡಿ, ಅಂಕ 10 ಅಥವಾ ಜಾಸ್ತಿ ಬಂದರೆ ಮಾತ್ರ ಕೊಡುತ್ತಾರೆ. ಖರ್ಚು ಲಕ್ಷದ ಲೆಕ್ಕದಲ್ಲಿ ಇರುವಾಗ ಹೊಲ ಮಾರುವ ಮುಂಚೆ ಈ ಮಾತು ಕೇಳಿಕೊಳ್ಳಲೇಬೇಕು ಅಲ್ವಾ.

ಔಷಧ ಏನು ಮಾಡುತ್ತದೆ ಅಂತ ಅಕ್ಕನ ಗಂಡನಿಗೆ ಹೇಳಿದ್ದೆ. ರೋಗದ ವಿರುದ್ಧ ಹೋರಾಡುವ ನಮ್ಮ ಮೈಯ ಟಿ-ಸೆಲ್‌ಗಳಿಗೆ ಪಿಡಿ-1 ಅಂತ ಒಂದು ಬ್ರೇಕ್ ಇದೆ. ಕ್ಯಾನ್ಸರ್ ಆ ಬ್ರೇಕ್ ಒತ್ತಿ ಹಿಡಿದು ಬಚಾವಾಗುತ್ತದೆ. ಈ ಔಷಧ ಅದನ್ನು ಬಿಡಿಸುತ್ತದೆ. ಅವರು ಸ್ವಲ್ಪ ಯೋಚಿಸಿ, “ಹೊಲದಾಗಿನ ನಾಯಿ ಸರಪಳಿ ಬಿಚ್ಚಿದಂಗಾತಲ್ರಿ. ಮತ್ತ ಮನಿಯವರನ್ನ ಕಚ್ಚಿದ್ರ?” ಅಂದರು. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದರು. ಬಿಟ್ಟ ನಾಯಿ ಕರುಳು, ಥೈರಾಯ್ಡ್, ಪುಪ್ಪುಸ, ಲಿವರ್, ಯಾವುದಕ್ಕಾದರೂ ಬಾಯಿ ಹಾಕಬಹುದು.

ಮೂರನೇ ಡೋಸ್ ದಿನ ನಾನು ಕೇಳಿದೆ, ಅಕ್ಕ ಆರಾಮ ಅಂದರು, ನಾನು ಮುಂದಕ್ಕೆ ಹೋದೆ. ತಲಾ 100 ಮಿಲಿಗ್ರಾಂನ ಎರಡು ವಯಲ್ (ಔಷಧದ ಸಣ್ಣ ಬಾಟಲಿ) ಫ್ರಿಜ್ಜಿನಿಂದ ತೆಗೆದೆ. ವಯಲ್ ಕುಲುಕಬಾರದು. ಬೆಳಕಿಗೆ ಹಿಡಿದು ನೋಡಬೇಕು, ಕಣ ತೇಲುತ್ತಿದ್ದರೆ ಬೇಡ. ಎರಡರಿಂದಲೂ ನಾಲ್ಕು ನಾಲ್ಕು ಎಂಎಲ್ ಎಳೆದು, ಸಲೈನ್ ಚೀಲಕ್ಕೆ ಸೇರಿಸಿ, ಚೀಲವನ್ನು ಮೆತ್ತಗೆ ತಲೆಕೆಳಗು ಮಾಡಿದೆ. ಫಿಲ್ಟರ್ ಇರುವ ಲೈನ್ ಹಾಕಿ ಅರ್ಧ ಗಂಟೆ ಓಡಿಸಿದೆ. ಆಮೇಲೆ ಕಿಮೋ. ಕೈಕೆಲಸ ಎಲ್ಲಾ ಸರಿಯಾಗಿತ್ತು.

ನಾಲ್ಕನೇ ದಿನ ಅಕ್ಕನನ್ನು ಎತ್ತಿಕೊಂಡು ಬಂದರು. ನಾಲಿಗೆ ಒಣಗಿತ್ತು, ಬಿಪಿ ಬಿದ್ದಿತ್ತು. ದಿನಕ್ಕೆ ಎಂಟು-ಒಂಬತ್ತು ಸಲ ಭೇದಿ. ಕಿಮೋದಿಂದ ಅಂತ ತಿಳಿದು ಊರಲ್ಲಿ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟಿದ್ದರು. ಭೇದಿ ನನ್ನ ಡೋಸ್‌ಗಿಂತ ಎರಡು ದಿನ ಮುಂಚೆಯೇ ಶುರುವಾಗಿತ್ತಂತೆ. “ಹೇಳಿದ್ರ ಔಷಧ ನಿಲ್ಲಿಸ್ತೀರಂತ ಹೇಳಲಿಲ್ರಿ.” ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಲ ಪರೀಕ್ಷೆಯಲ್ಲಿ ಸೋಂಕು ಇರಲಿಲ್ಲ. ಅದು ಇಮ್ಯುನೊಥೆರಪಿಯಿಂದಾದ ಕರುಳಿನ ಉರಿಯೂತ. ಡಾಕ್ಟರ್ ಪೆಂಬ್ರೊಲಿಜುಮ್ಯಾಬ್ ತಡೆಹಿಡಿದು ಸ್ಟೀರಾಯ್ಡ್ ಶುರು ಮಾಡಿದರು. ಮೂರನೇ ದಿನಕ್ಕೆ ಭೇದಿ ಇಳಿಯಿತು. ಸ್ಟೀರಾಯ್ಡ್ ಮಾತ್ರ ಥಟ್ಟಂತ ನಿಲ್ಲಿಸುವಂತಿಲ್ಲ, ವಾರಗಟ್ಟಲೆ ಸ್ವಲ್ಪಸ್ವಲ್ಪ ಇಳಿಸಬೇಕು. ಎರಡು ಡೋಸ್ ತಪ್ಪಿದವು. ಆಮೇಲೆ ಮತ್ತೆ ಶುರುವಾಯಿತು.

ಅವತ್ತಿನಿಂದ “ಹೆಂಗದೀರಿ” ಅಂತ ಕೇಳುವುದು ಬಿಟ್ಟೆ. ಎಣಿಸಿ ಹೇಳುವಂಥ ಪ್ರಶ್ನೆ ಕೇಳುತ್ತೇನೆ. ನಿನ್ನೆ ಎಷ್ಟು ಸಲ ಹೊರಕಡಿಗೆ ಹೋಗಿದ್ರಿ, ಮೊದಲು ಎಷ್ಟು ಸಲ ಹೋಗ್ತಿದ್ರಿ? ಗುಡಿಯ ಪಾವಟಿಗೆ ಹತ್ತಿದರೆ ದಮ್ಮು ಹತ್ತುತ್ತಾ, ಒಣ ಕೆಮ್ಮು ಇದೆಯಾ? ಎಲ್ಲರಿಗೂ ಸೆಕೆ ಅನ್ನುವಾಗ ನಿಮಗೊಬ್ಬರಿಗೇ ಚಳಿ ಆಗುತ್ತಾ? ರೊಟ್ಟಿ ಬಡಿಯುವಾಗ ನಡುವೆ ಕೂತುಬಿಡ್ತೀರಾ? ಮರಾಠಿಯವರಿಗೆ ಮರಾಠಿಯಲ್ಲೇ ಕೇಳುತ್ತೇನೆ. ಈ ರೊಟ್ಟಿ ಪ್ರಶ್ನೆಯಿಂದಲೇ ಅಕ್ಕನ ಥೈರಾಯ್ಡ್ ಕೆಲಸ ಕುಗ್ಗಿದ್ದು ಸಿಕ್ಕಿತು. ರಕ್ತ ಪರೀಕ್ಷೆಯಲ್ಲಿ ಟಿಎಸ್ಎಚ್ (ಥೈರಾಯ್ಡನ್ನು ಎಚ್ಚರಿಸುವ ಹಾರ್ಮೋನ್) ಏರಿತ್ತು. ಅದಕ್ಕೆ ಇಮ್ಯುನೊಥೆರಪಿ ನಿಲ್ಲಿಸಬೇಕಾಗಿಲ್ಲ. ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಬಹುಶಃ ಜೀವನಪೂರ್ತಿ.

“ಬೇಗ ಹೇಳಿದ್ರ ಬಹಳ ಸಲ ಔಷಧ ಪೂರ್ತಿ ನಿಲ್ಲಿಸೋದು ಬೇಕಾಗಲ್ಲ, ಹೇಳದಿದ್ರ ನಿಲ್ಲಿಸಬೇಕಾಗಬಹುದು” ಅಂತ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳುತ್ತೇನೆ. ಜೊತೆಗೆ ಕನ್ನಡದಲ್ಲಿ ಬರೆದ ಒಂದು ಕಾರ್ಡ್ ಕೊಡುತ್ತೇನೆ: ಇವರಿಗೆ ಇಮ್ಯುನೊಥೆರಪಿ ನಡೆದಿದೆ, ಭೇದಿ, ಉಸಿರಾಟದ ತೊಂದರೆ, ತಲೆಸುತ್ತು ಇದ್ದರೆ ಕೂಡಲೇ ನಮಗೆ ಫೋನ್ ಮಾಡಿ. ಊರಿನ ಡಾಕ್ಟರುಗಳೂ ಈಗ ಅದನ್ನು ನೋಡಿ ಫೋನ್ ಮಾಡುತ್ತಾರೆ. ನನಗೆ ಅದು ತುಂಬಾ ಖುಷಿಯ ವಿಷಯ.

ಇಷ್ಟು ಕಷ್ಟ ಯಾಕೆ ಅಂತ ಕೇಳಬಹುದು. 1,174 ಮಂದಿಯ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ಐದು ವರ್ಷದ ನಂತರ ಬದುಕಿದ್ದವರು ಈ ಔಷಧ ಸೇರಿಸಿದವರಲ್ಲಿ ನೂರಕ್ಕೆ 86.6, ಬರೀ ಕಿಮೋದವರಲ್ಲಿ 81.7. ಅಂದರೆ ನೂರು ಮನೆಯಲ್ಲಿ ಇನ್ನೂ ಸುಮಾರು ಐದು ಮನೆಗೆ ಅವ್ವ ಉಳಿದಳು. ಅಕ್ಕನ ಆಪರೇಷನ್ ರಿಪೋರ್ಟ್‌ನಲ್ಲಿ, ಸ್ತನದಲ್ಲೂ ಕಂಕುಳ ಗಂಟಿನಲ್ಲೂ ಜೀವಂತ ಕ್ಯಾನ್ಸರ್ ಕೋಶ ಉಳಿದಿಲ್ಲ ಅಂತ ಬಂದಾಗ ನಾನು ಅದನ್ನು ಎರಡು ಸಲ ಓದಿದೆ.

ಕೊನೆಯ ಡೋಸ್ ದಿನ ಅವರು ಕಾರ್ಡ್ ವಾಪಸ್ ಕೊಡಲು ಬಂದರು, ಮೂಲೆಯೆಲ್ಲಾ ಮೆತ್ತಗಾಗಿತ್ತು. ಔಷಧ ನಿಂತು ತಿಂಗಳುಗಳಾದ ಮೇಲೂ ತೊಂದರೆ ಬರಬಹುದು, ಇಟ್ಟುಕೊಳ್ಳಿ ಅಂದೆ. ಅಕ್ಕ ಅದನ್ನು ಮಡಚಿ ಮತ್ತೆ ಎಲೆಅಡಿಕೆ ಚಂಚಿಯೊಳಗೆ ಹಾಕಿಕೊಂಡರು. “ನಿನ್ನೆ ಒಂದ ಸಲ, ಇವತ್ತ ಒಂದ ಸಲರಿ” ಅಂದರು, ನಾನು ಇನ್ನೂ ಕೇಳಿರಲೇ ಇಲ್ಲ.