ಕುದುರೆ ಮರಿಯ ಬಣ್ಣ: ಹುಟ್ಟುವ ಮೊದಲೇ ಲೆಕ್ಕ ಹಾಕುವುದು ಹೇಗೆ?

ಕುದುರೆಯ ಮೈಬಣ್ಣ ಎಷ್ಟು ಬಗೆಯಾಗಿ ಕಂಡರೂ ಒಳಗಿರುವ ವರ್ಣದ್ರವ್ಯ ಎರಡೇ, ಕಪ್ಪು ಮತ್ತು ಕೆಂಪು. ಕುಣಿಗಲ್‌ನಂಥ ಸ್ಟಡ್ ಫಾರ್ಮ್‌ಗಳ ಥರೋಬ್ರೆಡ್ ಎಂಬ ಪಂದ್ಯದ ಕುದುರೆಗಳಲ್ಲಂತೂ ಮೂರು ವಂಶವಾಹಿ ಗೊತ್ತಿದ್ದರೆ ಹೆಚ್ಚುಕಡಿಮೆ ಲೆಕ್ಕ ಸಿಗುತ್ತದೆ.

ಮೊದಲು ಗ್ರೇ, ಅಂದರೆ ಮೈಯನ್ನು ಬರಬರುತ್ತ ಬೆಳ್ಳಗಾಗಿಸುವ ವಂಶವಾಹಿ, ನೋಡಿ. ಇದು ಉಳಿದೆಲ್ಲ ಬಣ್ಣವನ್ನೂ ಮುಚ್ಚಿಬಿಡುತ್ತದೆ. ಪ್ರಬಲ ಗುಣವಾದ್ದರಿಂದ ತಂದೆ ತಾಯಿ ಇಬ್ಬರಲ್ಲಿ ಒಬ್ಬರಾದರೂ ಗ್ರೇ ಆಗಿರಲೇಬೇಕು. ಇಲ್ಲದಿದ್ದರೆ ಈ ಹಂತ ಬಿಡಿ. ಗ್ರೇ ಮರಿ ಬೇರೆ ಬಣ್ಣದಲ್ಲಿ ಹುಟ್ಟಿ ವರ್ಷಗಳಲ್ಲಿ ಬೆಳ್ಳಗಾಗುತ್ತದೆ. ದಾಖಲೆಯಲ್ಲಿ ಬಣ್ಣ ತಪ್ಪಾಗುವುದು ಇಲ್ಲಿಯೇ. ಕಣ್ಣಿನ ಸುತ್ತ ಬಿಳಿ ಕೂದಲು ಇಣುಕುತ್ತಿದೆಯೇ ಎಂದು ಪರೀಕ್ಷಿಸಿ.

ಎರಡನೆಯದು ‘ಇ’. ಪ್ರತಿ ವಂಶವಾಹಿಯ ಒಂದು ಪ್ರತಿ ತಂದೆಯಿಂದ, ಒಂದು ತಾಯಿಯಿಂದ ಬರುತ್ತದೆ; ಪ್ರಬಲ ರೂಪವನ್ನು ದೊಡ್ಡ ಅಕ್ಷರದಿಂದ (E), ದುರ್ಬಲ ರೂಪವನ್ನು ಚಿಕ್ಕ ಅಕ್ಷರದಿಂದ (e) ಗುರುತಿಸುತ್ತಾರೆ. ದೊಡ್ಡ ಇ ಕಪ್ಪಿಗೆ ಅವಕಾಶ ಕೊಡುತ್ತದೆ. ಎರಡೂ ಪ್ರತಿ ಚಿಕ್ಕ ಇ ಆದರೆ ಕುದುರೆ ಕೆಂಪುಗಂದು ಬಣ್ಣದ ಚೆಸ್ಟ್‌ನಟ್: ಜೂಲು, ಬಾಲ, ಕಾಲು ಎಲ್ಲೂ ಕಪ್ಪಿಲ್ಲ. ಹಾಗಾಗಿ ಚೆಸ್ಟ್‌ನಟ್ ಜೋಡಿಗೆ ಬೇ (ಕಂದು ಮೈ, ಕಪ್ಪು ಜೂಲು-ಬಾಲ) ಮರಿ ಹುಟ್ಟಿತೆಂದರೆ ಮೊದಲು ಅನುಮಾನಿಸಬೇಕಾದದ್ದು ತಂದೆ ಯಾರೆಂಬುದನ್ನು.

ಮೂರನೆಯದು ‘ಎ’. ದೊಡ್ಡ ಎ ಕಪ್ಪನ್ನು ಜೂಲು, ಬಾಲ, ಕಿವಿಯಂಚು, ಕಾಲಿನ ಕೆಳಭಾಗಕ್ಕೆ ತಳ್ಳುತ್ತದೆ, ಅದೇ ಬೇ. ಎರಡೂ ಚಿಕ್ಕ ಎ ಇದ್ದರೆ ಇಡೀ ಮೈ ಕಪ್ಪು. ಚೆಸ್ಟ್‌ನಟ್ ಮೈಮೇಲೆ ತಳ್ಳಲು ಕಪ್ಪೇ ಇಲ್ಲದ ಕಾರಣ ‘ಎ’ ಕಣ್ಣಿಗೆ ಬೀಳುವುದಿಲ್ಲ. ಅಂದಾಜು ಕೈಕೊಡುವುದು ಹೆಚ್ಚಾಗಿ ಇದರಿಂದಲೇ.

ಈಗ ಗುಣಾಕಾರ. ಬೇ ತಂದೆಯಲ್ಲಿ ‘ಇ’, ‘ಎ’ ಎರಡೂ ವಂಶವಾಹಿಯ ದೊಡ್ಡದೊಂದು, ಚಿಕ್ಕದೊಂದು ಇರಲಿ. ಚೆಸ್ಟ್‌ನಟ್ ತಾಯಿಯಲ್ಲಿ ‘ಎ’ ಹಾಗೆಯೇ ಇರಲಿ. ಮರಿ ಚೆಸ್ಟ್‌ನಟ್ ಆಗುವ ಸಾಧ್ಯತೆ 8ರಲ್ಲಿ 4, ಬೇ 3, ಕಪ್ಪು 1.

ಖಚಿತವಾಗಬೇಕಾದರೆ ಡಿಎನ್‌ಎ ಪರೀಕ್ಷೆ. ಜೂಲಿನಿಂದಲೋ ಬಾಲದಿಂದಲೋ 20–30 ಕೂದಲು ಬುಡಸಮೇತ ಕಿತ್ತು ಕಾಗದದ ಲಕೋಟೆಗೆ ಹಾಕಿ. ಡಿಎನ್‌ಎ ಸಿಗುವುದು ಬುಡದಲ್ಲಿ, ಆದ್ದರಿಂದ ಕತ್ತರಿಸಿದ ಕೂದಲು ಪ್ರಯೋಜನಕ್ಕೆ ಬಾರದು.

ಬೇರೆ ತಳಿಗಳಲ್ಲಿ ಕ್ರೀಮ್ ಕೂಡ ಸೇರುತ್ತದೆ. ಒಂದು ಪ್ರತಿ ಚೆಸ್ಟ್‌ನಟ್ ಅನ್ನು ಹೊಂಬಣ್ಣದ ಪಾಲೊಮಿನೊ ಮಾಡುತ್ತದೆ, ಎರಡಾದರೆ ಕೆನೆಬಣ್ಣ, ನೀಲಿ ಕಣ್ಣು. ಇದರಿಂದ ಅಪಾಯವಿಲ್ಲ. ಆದರೆ ಅಮೆರಿಕದ ಪೇಂಟ್ ಕುದುರೆಗಳಲ್ಲಿರುವ, ಮೈಮೇಲೆ ಬಿಳಿ ಮಚ್ಚೆ ತರುವ ‘ಫ್ರೇಮ್’ ವಂಶವಾಹಿ ಬೇರೆ ಮಾತು. ಎರಡು ಪ್ರತಿ ಪಡೆದ ಮರಿ ಬೆಳ್ಳಗೆ ಹುಟ್ಟುತ್ತದೆ, ಕರುಳಿನ ನರಗಳು ಬೆಳೆದಿರುವುದಿಲ್ಲ, ಕೆಲವೇ ದಿನಗಳಲ್ಲಿ ಸಾಯುತ್ತದೆ. ಒಂದು ಪ್ರತಿಯುಳ್ಳ ಕುದುರೆಯ ಮೈಮೇಲೆ ಕೆಲವೊಮ್ಮೆ ಮಚ್ಚೆಯೇ ಕಾಣದು. ಅಂಥ ತಳಿಯಲ್ಲಿ ಪರೀಕ್ಷೆಯ ವರದಿ ಕೈಗೆ ಬಾರದೆ ಜೋಡಿ ಕೂಡಿಸಬೇಡಿ.