ಲಾ ಸ್ಕೂಲ್ ಅರ್ಜಿಯಲ್ಲಿ ಕೆಲಸವಿಲ್ಲದ ತಿಂಗಳುಗಳ ಲೆಕ್ಕ ಕೊಡುವುದು ಹೇಗೆ?

ಅಮೆರಿಕದ ಮೂರು ವರ್ಷದ ಜೆ.ಡಿ. ಎಂಬ ಕಾನೂನು ಪದವಿಗೆ ಅರ್ಜಿ ಹಾಕುವ ಬಹಳ ಮಂದಿ ಡಿಗ್ರಿ ಮುಗಿಸಿ ಕೆಲವು ವರ್ಷ ಕಳೆದವರು. ನಡುವೆ ಆರೆಂಟು ತಿಂಗಳು ಕೆಲಸವಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಸೀಟು ತಪ್ಪುವುದು ಅಪರೂಪ. ಎಡವಟ್ಟಾಗುವುದು ರೆಸ್ಯೂಮೆಯಲ್ಲಿ ಒಂದು ತಾರೀಖು, ಅರ್ಜಿಯಲ್ಲಿ ಇನ್ನೊಂದು ತಾರೀಖು ಇದ್ದಾಗ.

ಆದ್ದರಿಂದ ಮೊದಲ ಕೆಲಸ, ಡಿಗ್ರಿ ಮುಗಿದ ತಿಂಗಳಿನಿಂದ ಇವತ್ತಿನವರೆಗೆ ತಿಂಗಳುವಾರು ಪಟ್ಟಿ ಮಾಡುವುದು. ನೆನಪನ್ನು ನಂಬಬೇಡಿ. ಆಫರ್ ಲೆಟರ್, ರಿಲೀವಿಂಗ್ ಲೆಟರ್, ಮೊದಲ ಮತ್ತು ಕೊನೆಯ ಪೇ ಸ್ಲಿಪ್ ಎದುರಿಗಿಟ್ಟುಕೊಂಡು ಬರೆಯಿರಿ. ಸಂಬಳವಿಲ್ಲದ ಕೆಲಸ, ಮನೆಯವರ ಆರೈಕೆ, ಎಲ್‌ಎಸ್‌ಎಟಿ (ಲಾ ಸ್ಕೂಲ್ ಪ್ರವೇಶ ಪರೀಕ್ಷೆ) ತಯಾರಿ ಎಲ್ಲವೂ ಪಟ್ಟಿಗೆ ಬರಲಿ.

ಪ್ರಶ್ನೆ ಓದಿ, ಆಮೇಲೆ ಬರೆಯಿರಿ

ಅರ್ಜಿಗಳು ಸಾಮಾನ್ಯವಾಗಿ ಲಾ ಸ್ಕೂಲ್ ಪ್ರವೇಶದ ಕೆಲಸ ನೋಡಿಕೊಳ್ಳುವ ಎಲ್‌ಎಸ್‌ಎಸಿ ಸಂಸ್ಥೆಯ ಖಾತೆಯ ಮೂಲಕವೇ ಹೋದರೂ ಪ್ರಶ್ನೆಗಳು ಶಾಲೆಯಿಂದ ಶಾಲೆಗೆ ಬೇರೆ. ಕೆಲವು ಶಾಲೆಗಳು ಇಷ್ಟು ತಿಂಗಳಿಗಿಂತ ಹೆಚ್ಚಿನ ಅಂತರವಿದ್ದರೆ ವಿವರಿಸಿ ಎಂದು ನೇರವಾಗಿ ಕೇಳುತ್ತವೆ, ಕೆಲವು ರೆಸ್ಯೂಮೆ ಸಾಕು ಎನ್ನುತ್ತವೆ. ಕೇಳಿದ್ದರೆ ಉತ್ತರ ಕಡ್ಡಾಯ. ಕೇಳದೇ ಇದ್ದಾಗ ಮೇನಲ್ಲಿ ಪದವಿ, ಆಗಸ್ಟ್‌ನಲ್ಲಿ ಕೆಲಸ ಎಂಬಂಥ ಅಂತರಕ್ಕೆ ವಿವರಣೆ ಬೇಡ. ಅದನ್ನು ಎತ್ತಿ ತೋರಿಸಿದರೆ ಇಲ್ಲದ ಅನುಮಾನ ಹುಟ್ಟುತ್ತದೆ. ಆರು ತಿಂಗಳು ದಾಟಿದ್ದರೆ ಚಿಕ್ಕದೊಂದು ಅಡೆಂಡಮ್ (ಅರ್ಜಿಯ ಜೊತೆಗಿಡುವ ವಿವರಣೆ) ಸೇರಿಸುವುದೇ ಕ್ಷೇಮ.

ಅಡೆಂಡಮ್ ಅರ್ಧ ಪುಟ ದಾಟಬಾರದು. ಯಾವಾಗಿನಿಂದ ಯಾವಾಗಿನವರೆಗೆ, ಏಕೆ, ಈಗ ಹೇಗಿದೆ ಎಂಬಿಷ್ಟು ಬಂದರೆ ಮುಗಿಯಿತು. ‘ವೈಯಕ್ತಿಕ ಕಾರಣಗಳಿಂದ ಸ್ವಲ್ಪ ಕಾಲ ಬಿಡುವು ಪಡೆದೆ’ ಎಂಬ ವಾಕ್ಯದಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ಬದಲಿಗೆ ಹೀಗಿರಲಿ: ‘2022ರ ಮಾರ್ಚ್‌ನಿಂದ ನವೆಂಬರ್‌ವರೆಗೆ ನಾನು ಉದ್ಯೋಗದಲ್ಲಿರಲಿಲ್ಲ. ಶಸ್ತ್ರಚಿಕಿತ್ಸೆಯಾದ ತಂದೆಯನ್ನು ನೋಡಿಕೊಳ್ಳುವ ಹೊಣೆ ನನ್ನದಾಗಿತ್ತು. ಅವರು ಚೇತರಿಸಿಕೊಂಡ ಮೇಲೆ ಡಿಸೆಂಬರ್‌ನಲ್ಲಿ ಈಗಿನ ಕೆಲಸಕ್ಕೆ ಸೇರಿದೆ.’ ಕ್ಷಮೆ ಕೇಳುವ ಧಾಟಿ ಬೇಡ, ಹಳೆಯ ಮೇಲಧಿಕಾರಿಯ ಮೇಲಿನ ದೂರೂ ಬೇಡ. ಆರೋಗ್ಯದ ಕಾರಣವಾಗಿದ್ದರೆ ಸಾಮಾನ್ಯವಾಗಿ ಕಾಯಿಲೆಯ ಹೆಸರು ಬರೆಯಬೇಕಿಲ್ಲ. ಚಿಕಿತ್ಸೆ ಪಡೆದೆ, ಈಗ ಓದಲು ಸಿದ್ಧ ಎಂದರೆ ಸಾಕು. ಇದನ್ನು ನಿಮ್ಮ ಬಗ್ಗೆ ಬರೆಯುವ ಪ್ರಬಂಧವಾದ ಪರ್ಸನಲ್ ಸ್ಟೇಟ್‌ಮೆಂಟ್‌ನೊಳಗೆ ತುರುಕಬೇಡಿ. ಆ ಅವಧಿಯೇ ನಿಮ್ಮನ್ನು ಕಾನೂನಿನತ್ತ ತಿರುಗಿಸಿದ್ದರೆ ಮಾತ್ರ ಅಲ್ಲಿ ಅದಕ್ಕೆ ಜಾಗ.

ಲೇಆಫ್ ಆಗಿದ್ದರೆ ಹಾಗೆಂದೇ ಬರೆಯಿರಿ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಕೆಲಸದಿಂದ ತೆಗೆದುಹಾಕಿದ್ದಾರೆಯೇ ಎಂದು ಅರ್ಜಿ ಕೇಳಿ, ನಿಮ್ಮನ್ನು ತೆಗೆದದ್ದು ನಿಜವೇ ಆಗಿದ್ದರೆ, ‘ರಾಜೀನಾಮೆ ಕೊಟ್ಟೆ’ ಎಂದು ತಿರುಚಬೇಡಿ.

ವೀಸಾದಿಂದಾದ ಅಂತರ

ಎಚ್-1ಬಿ ಉದ್ಯೋಗಿಗಳ ಕುಟುಂಬದವರಿಗೆ ಸಿಗುವ ಎಚ್-4 ವೀಸಾದಲ್ಲಿರುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಎಚ್-1ಬಿ ಉದ್ಯೋಗಿಗಳ ಪತಿ ಅಥವಾ ಪತ್ನಿಯರಲ್ಲಿ ಕೆಲವರಿಗೆ ಮಾತ್ರ 2015ರ ಮೇ 26ರಿಂದ ಕೆಲಸದ ಪರವಾನಗಿ ಪಡೆಯುವ ಅವಕಾಶ ಸಿಕ್ಕಿತು. ಉಳಿದವರು ವರ್ಷಗಟ್ಟಲೆ ಕೆಲಸವಿಲ್ಲದೆ ಇರಬೇಕಾಗಿ ಬಂದದ್ದು ಕಾನೂನಿನ ಕಾರಣಕ್ಕೆ. ‘ಈ ಅವಧಿಯಲ್ಲಿ ನನಗೆ ಕೆಲಸ ಮಾಡುವ ಅನುಮತಿ ಇರಲಿಲ್ಲ’ ಎಂಬ ಒಂದೇ ವಾಕ್ಯ ಸಾಕು. ಖಾಲಿ ಕಾಣಬಾರದೆಂದು ಅಲ್ಲಿ ‘ಫ್ರೀಲಾನ್ಸ್’, ‘ಕನ್ಸಲ್ಟೆಂಟ್’ ಎಂದು ತುಂಬಿಸುವವರಿದ್ದಾರೆ. ಅದು ಅಂತರಕ್ಕಿಂತ ಅಪಾಯ: ಅನುಮತಿಯಿಲ್ಲದೆ ದುಡಿದೆ ಎಂದು ನೀವೇ ಬರೆದುಕೊಟ್ಟಂತೆ. ನಿಜಕ್ಕೂ ಹಣ ಪಡೆದು ಕೆಲಸ ಮಾಡಿದ್ದರೆ ಅರ್ಜಿ ತುಂಬುವ ಮೊದಲೇ ವಲಸೆ ವಕೀಲರನ್ನು ಕಾಣಿ. ಪದವಿಯ ನಂತರ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡಲು ಸಿಗುವ ಒಪಿಟಿ ಅನುಮತಿಯಲ್ಲಿದ್ದವರಿಗೆ ನಿರುದ್ಯೋಗದ ಮಿತಿ ಒಟ್ಟು 90 ದಿನ, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಸ್ತರಣೆ ಪಡೆದವರಿಗೆ ಎಲ್ಲ ಸೇರಿ 150. ಆಗ ವರದಿ ಮಾಡಿದ ಉದ್ಯೋಗದ ತಾರೀಖುಗಳೂ ಈಗಿನ ಅರ್ಜಿಯ ತಾರೀಖುಗಳೂ ಒಂದೇ ಇರಬೇಕು.

ತಾಳೆ ನೋಡುವುದು

ರೆಸ್ಯೂಮೆಯಲ್ಲಿ ತಿಂಗಳು, ವರ್ಷ ಎರಡೂ ಇರಲಿ. ‘2021–2022’ ಎಂದಷ್ಟೇ ಬರೆದರೆ ಅದು ಎರಡು ತಿಂಗಳೂ ಆಗಬಹುದು, ಇಪ್ಪತ್ತನಾಲ್ಕೂ ಆಗಬಹುದು. ಅರ್ಜಿ, ರೆಸ್ಯೂಮೆ, ಅಡೆಂಡಮ್ ಮೂರನ್ನೂ ಪಕ್ಕಪಕ್ಕ ಇಟ್ಟು ಪ್ರತಿ ತಾರೀಖಿಗೂ ಗುರುತು ಹಾಕುತ್ತಾ ಹೋಗಿ.

ಈ ಶ್ರಮ ಸೀಟಿಗಾಗಿ ಮಾತ್ರವಲ್ಲ. ಪದವಿ ಮುಗಿದ ಮೇಲೆ ವಕೀಲಿಕೆಯ ಲೈಸೆನ್ಸಿಗಾಗಿ ‘ಕ್ಯಾರೆಕ್ಟರ್ ಅಂಡ್ ಫಿಟ್‌ನೆಸ್’ (ನಡತೆ ಮತ್ತು ಯೋಗ್ಯತೆಯ) ಪರಿಶೀಲನೆ ನಡೆಯುತ್ತದೆ. ಆಗ ಹಿಂದಿನ ಹಲವು ವರ್ಷಗಳ ಉದ್ಯೋಗ ವಿವರವನ್ನು ಮತ್ತೆ ಕೊಡಬೇಕಾಗುತ್ತದೆ. ಲಾ ಸ್ಕೂಲಿಗೆ ಹಿಂದೆ ಕೊಟ್ಟ ಅರ್ಜಿಯನ್ನೂ ತರಿಸಿ ಹೋಲಿಸಬಹುದು. ಅಲ್ಲಿ ಕಾಡುವುದು ಕೆಲಸವಿಲ್ಲದ ಒಂಬತ್ತು ತಿಂಗಳಲ್ಲ, ಅದನ್ನು ಮುಚ್ಚಿಟ್ಟದ್ದು.

ಅರ್ಜಿ ಕಳಿಸಿದ ಮೇಲೆ ತಪ್ಪು ಕಂಡರೆ ಅಡ್ಮಿಷನ್ ಕಚೇರಿಗೆ ತಕ್ಷಣ ಬರೆದು ತಿದ್ದಿಸಿ. ಈ ನಡುವೆ ಇದ್ದ ಕೆಲಸ ಬಿಟ್ಟರೆ ಅದನ್ನೂ ತಿಳಿಸಿ. ಶಿಫಾರಸು ಪತ್ರ ಬರೆಯುವವರಿಗೆ ನಿಮ್ಮ ರೆಸ್ಯೂಮೆಯ ಪ್ರತಿ ಮೊದಲೇ ಕೊಡಿ. ನೀವು ಮಾರ್ಚ್‌ನಲ್ಲಿ ಬಿಟ್ಟ ಕೆಲಸವನ್ನು ‘ವರ್ಷದ ಕೊನೆಯವರೆಗೂ ನಮ್ಮಲ್ಲಿದ್ದರು’ ಎಂದು ಅವರು ಒಳ್ಳೆಯ ಮನಸ್ಸಿನಿಂದಲೇ ಬರೆದುಬಿಡಬಹುದು.